ಎರಡು ಸಲ ಅಳೆದ ರಾಗಿ

ಉದ್ದನಪಲ್ಲಿ
ಭಾನುವಾರ, ೨೭ ಮಾರ್ಚ್ ೧೯೮೩

ಚಿರಂಜೀವಿ ಮುನಿರತ್ನಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ನೀನು ಕಳುಹಿಸಿದ ವರದಿಯ ನಾಲ್ಕನೆಯ ಪುಟದಲ್ಲಿ ಒಂದು ತಪ್ಪಿದೆ. ‘ಜನವರಿ ಇಪ್ಪತ್ತರಂದು ನಮ್ಮ ಕಣದಲ್ಲಿ ಹೊಸ ರಾಗಿಯನ್ನು ಬಡಿದು, ರಾಶಿಯನ್ನು ಪೂಜಿಸಿ, ಅಳೆಯಲಾಯಿತು, ಅತಿಥಿಗಳು ಅದನ್ನು ಕಣ್ಣಾರೆ ಕಂಡರು’ ಎಂದು ಬರೆದಿದ್ದೀಯೆ. ಅಂದು ಬಡಿದದ್ದು ಬರಿಯ ಹುಲ್ಲು. ರಾಗಿಯೆಲ್ಲ ಅದಕ್ಕೆ ಹನ್ನೊಂದು ದಿನ ಮೊದಲೇ, ಸಂಕ್ರಾಂತಿಗೂ ಮುಂಚೆ, ಕಣದಿಂದೆದ್ದು ಮನೆಯ ಮಣ್ಣಿನ ವಾಡೆಗಳಲ್ಲಿ ತುಂಬಿ, ವಾಡೆಗಳ ಬಾಯಿಗೆ ಮಣ್ಣು ಮೆತ್ತಿಯೂ ಆಗಿತ್ತು.

ಇಂಥ ಪುಟದ ಕೆಳಗೆ ‘ಇದೆಲ್ಲ ಸತ್ಯ’ ಎಂದು ನಾನು ಸಹಿ ಮಾಡಬೇಕೆಂದು ಕೇಳಿದ್ದೀಯೆ. ಊರಿನ ಜವಾಬ್ದಾರಿಯುತ ವ್ಯಕ್ತಿಯೊಬ್ಬರ ದೃಢೀಕರಣ ಏಪ್ರಿಲ್ ಹತ್ತರೊಳಗೆ ತಲುಪದಿದ್ದರೆ ನೀನು ಓದುತ್ತಿರುವ ಲೋಕವಿದ್ಯಾಲಯದವರು ಪ್ರಮಾಣಪತ್ರ ಕೊಡುವುದಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ತಳಿ ಊರಿನಲ್ಲಿ ನೀನು ತೆರೆಯಬೇಕೆಂದಿರುವ ತಂಗುಮನೆಗೆ ಅನುಮತಿ ದೊರೆಯುವುದಿಲ್ಲ. ಅದೆಲ್ಲ ನನಗೆ ತಿಳಿದಿದೆ. ಆದರೆ ಇದು ಮೂವತ್ತನಾಲ್ಕು ವರ್ಷ ಶಾಲೆಯ ಹಾಜರಿ ಪುಸ್ತಕ ಬರೆದ ಕೈ. ತನಿಖೆಗೆ ಮೇಲಧಿಕಾರಿಗಳು ಬಂದು ಎದುರಿಗೆ ಕುಳಿತ ದಿನವೂ ಬಾರದ ಮಗುವನ್ನು ಬಂದಿತೆಂದು ಈ ಕೈ ಗುರುತು ಹಾಕಲಿಲ್ಲ.

ಕಳೆದ ಜುಲೈಯಲ್ಲಿ ನೀನು ಮೂರು ದಿನ ರೈಲಿನಲ್ಲಿ ಕುಳಿತು ಉತ್ತರದ ಆ ಬೆಟ್ಟಸೀಮೆಗೆ ಹೊರಟಾಗ ನಾನು ತಡೆಯಲಿಲ್ಲ. ಒಂದು ವರ್ಷ ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಪ್ರವಾಸೋದ್ಯಮವನ್ನೂ ಸ್ವಂತ ಉದ್ಯಮ ನಡೆಸುವುದನ್ನೂ ಕಲಿಯುವ ಶಾಲೆ ಎಂದು ನೀನು ಹೇಳಿದೆ. ಮೊದಲ ಪತ್ರದಲ್ಲಿಯೇ, ಅತಿಥಿಯನ್ನು ಬಾಗಿಲಲ್ಲಿ ನಗುಮುಖದಿಂದ ಬರಮಾಡಿಕೊಳ್ಳುವುದನ್ನು ಒಂದು ವಾರ ಕಲಿಸಿದರೆಂದು ಬರೆದೆ. ಅದನ್ನು ನಿನ್ನ ತಾಯಿಗೆ ಓದಿ ಹೇಳಿದಾಗ ಅವಳು, “ಬಂದೋರ್ಗೆ ಒಂದ್ ಚೊಂಬು ನೀರ್ ಕೊಡಾದ್ ಕಲಿಯಾಕೆ ಅಷ್ಟ್ ದೂರ ಓಗ್ಬೇಕಿತ್ತಾ?” ಎಂದು ಕೇಳಿದಳು. ನಾನು ಅವಳನ್ನು ಗದರಿ ನಿನ್ನ ಪರ ವಹಿಸಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಿನ್ನ ಸಹಪಾಠಿಗಳು ಹನ್ನೊಂದು ಮಂದಿಯೂ ಅಧ್ಯಾಪಕರಿಬ್ಬರೂ ನಿನ್ನೊಡನೆ ಅಧ್ಯಯನ ಪ್ರವಾಸಕ್ಕೆಂದು ಹೊಸೂರಿನಿಂದ ಬಸ್ಸಿನಲ್ಲಿ ಬಂದಿಳಿದ ಆ ಬೆಳಿಗ್ಗೆಯನ್ನು ನೀನು ವರದಿಯಲ್ಲಿ ಬಹಳ ಚೆಂದವಾಗಿ ವರ್ಣಿಸಿದ್ದೀಯೆ. ಬಿಟ್ಟುಹೋದುದನ್ನು ನಾನು ಸೇರಿಸುತ್ತೇನೆ. ಸಗಣಿ ಸಾರಿಸಿ ಮಟ್ಟ ಮಾಡಿದ ಕಣಕ್ಕೆ ಅವರು ಬೂಟು ಕಳಚದೆ ಇಳಿದರು. ಬಣವೆಯ ಹಳೆಯ ಹುಲ್ಲನ್ನೆಳೆದು ಅಲ್ಲಿ ಹರಡಲಾಗಿತ್ತು. ಹೊಟ್ಟಿನ ಗುಡ್ಡೆಯ ಮೇಲೆ, ವಾಡೆಯ ಬಾಯಿ ಒಡೆದು ತೆಗೆದ ಎರಡು ಮಂಕರಿ ರಾಗಿಯನ್ನು ಸುರಿದು ರಾಶಿಯಂತೆ ಕಾಣಿಸಲಾಗಿತ್ತು. ಅದರ ನೆತ್ತಿಯಲ್ಲಿ ಸಗಣಿಯ ಬೆನಕ, ಬೆನಕನಿಗೆ ಗರಿಕೆ. ಹೊಟ್ಟಿಗೆ ಕೈಮುಗಿಯುವ ದಿನವೊಂದು ನನ್ನ ಆಯುಷ್ಯದಲ್ಲಿ ಬರುವುದೆಂದು ನಾನೆಣಿಸಿರಲಿಲ್ಲ.

ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ಪಿಳ್ಳಮ್ಮ ಬಡಿಗೋಲು ಹಿಡಿದು ನಿಂತು, “ಇದ್ರಾಗೆ ಏನೈತೆ ಅಂತ ಬಡೀಲಿ ಮೇಷ್ಟ್ರೇ, ನಮ್ಮತ್ತೆ ಬೆನ್ನಾ?” ಎಂದಳು. ಅವಳ ಗಂಡ ಸೊಣ್ಣಪ್ಪ, “ಬಡಿಯಮ್ಮೀ, ಪಟ ಹಿಡೀತಾರಂತೆ. ನಿನ್ ಮಕ ಡೆಲ್ಲಿಗಂಟ ಓಯ್ತದೆ” ಎಂದು ಹುರಿದುಂಬಿಸಿದ. “ನನ್ ಮಕ ಡೆಲ್ಲೀಗ್ ಓದ್ರೆ ನಿಂಗ್ ಮುದ್ದೆ ಕಟ್ಟೋರ್ಯಾರು?” ಎಂದು ಅವಳು ಬಡಿಯತೊಡಗಿದಳು. ಧೂಳು ಎದ್ದಿತು. ಕಾಳಿಲ್ಲದ ಹುಲ್ಲಿನ ಸದ್ದೇ ಬೇರೆ. ಅದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು.

ಸೊಣ್ಣಪ್ಪ ಕೊಳಗ ಹಿಡಿದು ಅಳೆಯಲು ಬಾಗಿದಾಗ ಪಿಳ್ಳಮ್ಮ ಮೊರವನ್ನು ಕೆಳಗಿಟ್ಟಳು. ಮೊದಲ ಕೊಳಗಕ್ಕೆ ‘ಲಾಭ’ ಎಂದು ಕೂಗಿ ಹೇಳಬೇಕಾದವಳು ಅವಳು. “ಒಂದ್ ಕಿತ ಅಳ್ದು ಮನೀಗ್ ಆಕ್ಕೊಂಡಿದ್ದನ್ನ ತಿರ್ಗಾ ತಂದ್ ಅಳೀತೀರಲ್ಲ, ಭೂಮ್ತಾಯಿ ಎಲ್ಡ್ ಕಿತ ಕೊಟ್ಲಾ? ನಾನ್ ಕೂಗಾಕಿಲ್ಲ. ಮುಂದ್ಲೊರ್ಸ ಅವಳು ಒಂದ್ ಕಿತಾನೂ ಕೊಡ್ದಂಗಾದ್ರೆ?” ಎಂದವಳೇ ಕಣ ಬಿಟ್ಟು ನಡೆದಳು. ಸೊಣ್ಣಪ್ಪ ಯಾರ ಮುಖವನ್ನೂ ನೋಡದೆ ತಾನೇ ಮೆಲ್ಲಗೆ ‘ಲಾಭ’ ಎಂದ. ಬಡಿಯುವಾಗ ಪಿಳ್ಳಮ್ಮ ಹೇಳಿದ ಹಾಡು ನಿನ್ನ ವರದಿಯಲ್ಲಿ ಇದೆ. ಅವಳು ಎದ್ದುಹೋದದ್ದು ಇಲ್ಲ.

ಆಮೇಲೆ ನಿಮ್ಮ ಅಧ್ಯಾಪಕರೊಬ್ಬರು ಆ ರಾಶಿಯ ಮೇಲೆಯೇ ಕುಳಿತು, ಬೂಟಿನ ಕಾಲು ಚಾಚಿ, ಪಟ ತೆಗೆಸಿಕೊಂಡರು. ಊಟಕ್ಕೆ ನಿನ್ನ ತಾಯಿ ಬಡಿಸಿದ ಮುದ್ದೆಯನ್ನು ಚಮಚೆಯಲ್ಲಿ ಕೆದಕಿ, ಮೂಸಿ, ಎಲೆಯಲ್ಲೇ ಬಿಟ್ಟೆದ್ದವರು ಏಳು ಜನ. ಆ ಎಲೆಗಳನ್ನು ಅವಳೇ ಎತ್ತಿ ದನದ ಮುಂದೆ ಹಾಕಿದಳು. ನನಗಂತೂ ಎರಡು ದಿನ ಅನ್ನ ಸೇರಲಿಲ್ಲ.

ಅದಕ್ಕಿಂತಲೂ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಇನ್ನೊಂದು. ಬಡಿಯುತ್ತಿದ್ದಾಗ ನೀನು ಒಂದು ಹಿಡಿ ಹುಲ್ಲೆತ್ತಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿದೆ. ಒಂದು ಕಾಳೂ ಬೀಳಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದೆ. ಅನಂತರ ಅತಿಥಿಗಳ ಕಡೆ ತಿರುಗಿ, ನಗುಮುಖದಿಂದಲೇ, ಇದು ಹೊಸ ರಾಗಿ ಎಂದು ಹಿಂದಿಯಲ್ಲಿ ವಿವರಿಸತೊಡಗಿದೆ. ಒಕ್ಕಲಿನ ಮನೆಯ ಮಗಳು ತನಗೆ ತಿಳಿಯಲಿಲ್ಲವೆಂದು ಹೇಳುವಂತಿಲ್ಲ. ತಿಳಿದೂ ಹೇಳಿದೆ, ಎರಡು ತಿಂಗಳ ಮೇಲೆ, ಯಾರ ಬಲವಂತವೂ ಇಲ್ಲದೆ, ಅದನ್ನೇ ಬರೆದೆ. ಆ ಶಾಲೆ ನಿನಗೆ ಕಲಿಸಿದ ಉದ್ಯಮ ಇದೇ ಆದರೆ ಅದರ ಪ್ರಮಾಣಪತ್ರ ನಮ್ಮ ಮನೆಯ ಗೋಡೆಗೆ ಬೇಡ.

ವರದಿಯನ್ನು ಸಹಿಯಿಲ್ಲದೆ ಇದರೊಡನೆ ಹಿಂದಿರುಗಿಸುತ್ತಿದ್ದೇನೆ.

ಇಂತು ನಿನ್ನ ತಂದೆ,
ತಿಮ್ಮರಾಯಪ್ಪ
ನಿವೃತ್ತ ಮುಖ್ಯೋಪಾಧ್ಯಾಯ
ಮಧ್ಯಾಹ್ನ ೪ ಗಂಟೆ ೨೦ ನಿಮಿಷ

ಮರೆತ ಮಾತು: ಮರೆತದ್ದು ಎಂಬುದೂ ಸುಳ್ಳು, ಬಿಟ್ಟದ್ದು. ನಿನಗೆ ಬರೆದ ಯಾವ ಕಾಗದವನ್ನೂ ಅಂಟಿಸುವ ಮೊದಲು ನಿನ್ನ ತಾಯಿಗೆ ಓದಿ ಹೇಳುವುದು ಈ ಮನೆಯ ವಾಡಿಕೆಯಷ್ಟೆ. ನಿನ್ನೆ ಸಂಜೆ ಇದನ್ನೂ ಓದಿದೆ. ಅವಳು ಅವರೆಕಾಳು ಹಿಸುಕುತ್ತ ಕೊನೆಯವರೆಗೆ ಕೇಳಿ, “ಪಿಳ್ಳಮ್ಮಂದು ಬರ್ದ್ರಿ, ಬೂಟಿಂದು ಬರ್ದ್ರಿ, ಮಗಳ್ದೂ ಬರ್ದ್ರಿ. ನಿಮ್ದ್ ಎಲ್ಲೈತೆ?” ಎಂದಳು. ಸುಮ್ಮನಿರೆಂದು ಗದರಿದೆ. ಅವಳು ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಇಂದು ಬೆಳಿಗ್ಗೆ ಕಾಫಿಯ ಲೋಟವನ್ನು ಈ ಹಾಳೆಗಳ ಪಕ್ಕಕ್ಕೇ ತಂದಿಟ್ಟಳು.

ಕೊಯ್ದ ತೆನೆಯ ಒಂದು ಮೆದೆಯನ್ನು ಮಾತ್ರ ಇಪ್ಪತ್ತನೆಯ ತಾರೀಖಿನವರೆಗೆ ಬಡಿಯದೆ ಉಳಿಸಿರೆಂದು ನೀನು ಡಿಸೆಂಬರಿನಲ್ಲಿ ಬರೆದ ಕಾಗದ ನನಗೆ ತಲುಪಿತ್ತು. ನೋಡುಗರಿಗಾಗಿ ಧಾನ್ಯವನ್ನು ಕಾಯಿಸುವುದೇ ಎಂದು ಅಸಹ್ಯಪಟ್ಟು, ಅದನ್ನು ಪಂಚಾಂಗದೊಳಗೆ ಇಟ್ಟು, ನಿನಗೆ ಉತ್ತರವನ್ನೂ ಬರೆಯದೆ, ಮೆದೆಗಳನ್ನೆಲ್ಲ ಬಡಿಸಿ ಮುಗಿಸಿದೆ. ನೀವು ಬರುವ ಬೆಳಿಗ್ಗೆ ಕಣದಲ್ಲಿ ನಿಂತಾಗ, ನಿನ್ನ ಗುರುಗಳೆದುರು ಈ ಖಾಲಿ ನೆಲದ ಮೇಲೆ ನೀನು ಹೇಗೆ ನಿಲ್ಲುವೆಯೆಂದು ಮೊದಲ ಬಾರಿಗೆ ಹೊಳೆಯಿತು. ಹುಲ್ಲು ಹರಡಿಸಿದವನು ನಾನು. ವಾಡೆಯ ಬಾಯಿ ಒಡೆಸಿದವನು ನಾನು. ಹೊಟ್ಟಿನ ಮೇಲೆ ಬೆನಕನನ್ನು ಕೂರಿಸಿದ್ದೂ ಇದೇ ಕೈ.

ಕಾಳಿಲ್ಲದ ತೆನೆ ತಿಕ್ಕಿ ನೀನು ನನ್ನನ್ನು ನೋಡಿದಾಗ ನಾನು, “ಹೇಳಮ್ಮ, ಹೊಸಾ ರಾಗಿ ಅಂತ ಹೇಳ್ಬುಡು” ಎಂದೆ. ನೀನು ಹೇಳಿದೆ. ತಂದೆ ಮಾಡಿದ್ದನ್ನು ವರದಿಯಲ್ಲಿ ಬರೆಯಲು ನಿನಗೆ ಕೈ ಬರಲಿಲ್ಲ. ನಿನ್ನನ್ನು ಸುಳ್ಳುಗಾತಿಯೆಂದು ಬರೆಯಲು ನನಗೆ ಸಲೀಸಾಗಿ ಬಂತು.

ನಿನ್ನೆಯ ಹಾಳೆಗಳನ್ನು ಹರಿಯಬಹುದಿತ್ತು. ಹರಿಯಲಿಲ್ಲ, ನಾನು ಏನು ಬರೆಯಬಲ್ಲೆನೆಂಬುದು ನಿನಗೆ ತಿಳಿದಿರಲಿ. ವರದಿ ಈ ಲಕೋಟೆಯಲ್ಲಿಲ್ಲ. ನಾಲ್ಕನೆಯ ಪುಟದ ಅಂಚಿನಲ್ಲಿ ನಡೆದುದನ್ನು ನಡೆದಂತೆ ನನ್ನ ಹೆಸರಿನಲ್ಲಿಯೇ ಬರೆದು, ಮಿಕ್ಕ ಪುಟಗಳಿಗೆ ಸಹಿ ಮಾಡಿ, ನಿಮ್ಮ ಪ್ರಾಂಶುಪಾಲರಿಗೆ ನೇರವಾಗಿ ರಿಜಿಸ್ಟರ್ ಅಂಚೆಯಲ್ಲಿ ಈಗತಾನೇ ಕಳುಹಿಸಿದೆ. ನಿನ್ನ ಕೈಗೆ ಸಿಕ್ಕಿದ್ದರೆ ನನ್ನ ಮಾನ ಉಳಿಸಲು ನೀನು ಆ ಪುಟವನ್ನು ಕಿತ್ತುಬಿಡುತ್ತಿದ್ದೆ. ಅವರು ಪ್ರಮಾಣಪತ್ರ ಕೊಡುವರೋ ಬಿಡುವರೋ ನಾನರಿಯೆ. ಕೊಡದಿದ್ದರೆ ಅದನ್ನು ಕಳೆದವನು ನಾನೆಂದು ಕೇಳಿದವರಿಗೆಲ್ಲ ಹೇಳು.

ತಿಮ್ಮರಾಯಪ್ಪ
ಉದ್ದನಪಲ್ಲಿ ಅಂಚೆ ಕಚೇರಿಯ ಜಗಲಿ
ಸೋಮವಾರ, ೨೮ ಮಾರ್ಚ್ ೧೯೮೩, ಬೆಳಿಗ್ಗೆ ೧೦ ಗಂಟೆ ೧೦ ನಿಮಿಷ