ಕೆಡ್ಡಸದ ದಿನ ಬಿದ್ದ ಎಲೆಗಳು

ಕಡಬ
೮ ಏಪ್ರಿಲ್ ೨೦೨೫, ಮಂಗಳವಾರ

ಸುಪ್ರಿತಾ,

ಮನೆಯ ಹಿರಿಯಳಾಗಿ ಮೊದಲು ನಿನಗೆ ನನ್ನ ಆಶೀರ್ವಾದ. ಅದನ್ನು ತೆಗೆದುಕೊಳ್ಳುವುದು ಬಿಡುವುದು ನಿನಗೆ ಸೇರಿದ್ದು.

ನನ್ನ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಹೈಸ್ಕೂಲು ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದದ್ದಿಲ್ಲ, ಅಕ್ಷರ ಓರೆಯಾದರೆ ನಗಬೇಡ. ನಿನ್ನ ಗಿಡದ ವಿಷಯ ತಿಳಿಸುವುದಿದೆ, ಅಷ್ಟೆ.

ದೊಡ್ಡ ಗಿಡ ಸತ್ತಿತು. ಅಡುಗೆಮನೆಯ ಕಿಟಕಿಯಲ್ಲಿ ನೀನು ಇಟ್ಟಿದ್ದೆಯಲ್ಲ, ದಪ್ಪ ಎಲೆಗಳೆಲ್ಲ ಸುತ್ತಿ ಸುತ್ತಿ ಗುಲಾಬಿಯಂತೆ ಕೂತಿದ್ದ ಆ ಬೂದಿ ಬಣ್ಣದ್ದು. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನೀನು ಹೋದ ಮೇಲೆ ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದೆ, ನಡುವೆ ಸೆಗಣಿ ನೀರನ್ನೂ ಹಾಕಿದೆ. ಸೊಸೆಯ ಗಿಡವನ್ನು ಒಣಗಿಸಿದಳು ಎಂದು ಯಾರೂ ಹೇಳಬಾರದಲ್ಲ. ಒಂದು ಬೆಳಿಗ್ಗೆ ಮುಟ್ಟಿದರೆ ಬುಡ ಕೊಳೆತು ನೀರಾಗಿತ್ತು. ನಿನಗೆ ಅದನ್ನು ಕೊಟ್ಟಿದ್ದ ಪಕ್ಕದ ಮನೆಯ ಶಾಹಿದಾ ಬಂದು ನೋಡಿ, "ಎಂತ ಮಾರಾಯ್ರೆ, ಇದೇನು ಬಸಳೆಯಾ? ದಿನಾ ನೀರು ಹಾಕುದು ಅಂದ್ರೆ ಇದನ್ನು ಕೈಯಾರೆ ಮುಳುಗಿಸಿದ ಹಾಗೆ. ಸೊಸೆಯತ್ರ ಒಂದು ಮಾತು ಕೇಳ್ಬಹುದಿತ್ತಲ್ಲ!" ಎಂದಳು.

ಆದರೆ ನೀನು ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಎಲೆಗಳು ಬದುಕಿವೆ. ಆ ದಿನದ ಎಲೆಗಳು.

ಕೆಡ್ಡಸವೆಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಭೂಮಿತಾಯಿ ಮುಟ್ಟಾಗಿ ವಿಶ್ರಾಂತಿಯಲ್ಲಿರುವ ಆ ಮೂರು ದಿನ ನೆಲ ಅಗೆಯುವುದಿಲ್ಲ, ಹಸಿ ಎಲೆ ಕೀಳುವುದಿಲ್ಲ. ನನ್ನ ಅತ್ತೆ ಒಗ್ಗರಣೆಗೆ ಕರಿಬೇವು ಮುರಿಯಲೂ ಬಿಡುತ್ತಿರಲಿಲ್ಲ. ನಾನೂ ಹಾಗೆಯೇ ನಡೆಸಿಕೊಂಡು ಬಂದವಳು. ಅಂದು ಭೂಮಿತಾಯಿಗೆ ಬಡಿಸುವ ನನ್ನೆರಿ ಹುಡಿಗೆಂದು ಅಕ್ಕಿ ಹುರಿಯುತ್ತಿದ್ದೆ. ರಾಮಕುಂಜದಿಂದ ಬಂದಿದ್ದ ನಾದಿನಿ ಬಾಗಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ತಟ್ಟೆ ತುಂಬ ಹಸಿ ಎಲೆ ಕಂಡಾಗ ನನ್ನ ತಲೆ ಕೆಟ್ಟಿತು. "ನಾನು ಕಿತ್ತದ್ದಲ್ಲ ಅತ್ತೆ, ಕಿಟಕಿ ಮುಚ್ಚುವಾಗ ಕೈ ತಾಗಿ ಬಿದ್ದದ್ದು" ಎಂದು ನೀನು ಹೇಳಿದೆ. "ಸುಳ್ಳು ಹೇಳ್ಬೇಡ, ಎಲೆ ಏನು ಮಾವಿನ ಹಣ್ಣಾ, ತಾನಾಗಿ ಬೀಳ್ಲಿಕ್ಕೆ?" ಎಂದೆ ನಾನು. ನಾದಿನಿ ನಕ್ಕಳು. ಅವಳು ನಕ್ಕದ್ದು ನನಗೆ ಇನ್ನಷ್ಟು ಬಾಯಿ ಕೊಟ್ಟಿತು. "ಕೆಡ್ಡಸದಲ್ಲಿ ಹಸಿ ಕೀಳುವವಳ ಹೊಟ್ಟೆಯಲ್ಲಿ ಮಗು ಹೇಗೆ ನಿಲ್ಲುದು?" ಎಂದುಬಿಟ್ಟೆ.

ದೀಪಾವಳಿಯ ಹೊತ್ತಿಗೆ ನಿನಗೆ ಗರ್ಭ ಹೋದಾಗ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತಿದ್ದವಳು ನಾನೇ. ನಿನ್ನ ಕೈ ಎಷ್ಟು ತಣ್ಣಗಿತ್ತು ಎಂದು ನನಗೆ ಗೊತ್ತು. ಗೊತ್ತಿದ್ದೂ ಹೇಳಿದೆ.

ನೀನು ಅಳಲಿಲ್ಲ. ಚೀಲ ತುಂಬಿಸಿ ಗುತ್ತಿಗಾರಿನ ತವರಿಗೆ ಹೊರಟೆ. ಅಶ್ವಿತ್ ಅಂಗಡಿಗೆ ಪಂಪ್‌ಸೆಟ್ ತರಲು ಪುತ್ತೂರಿಗೆ ಹೋಗಿದ್ದ. ಸಂಜೆ ಬಂದ ಮಗನಿಗೆ, ನಿನ್ನ ಹೆಂಡತಿ ಒಂದು ಎಲೆಯ ವಿಷಯಕ್ಕೆ ಕೋಪ ಮಾಡಿಕೊಂಡು ಹೋದಳು ಎಂದೆ. ಅವನಿಗೆ ಇವತ್ತಿನವರೆಗೂ ಗೊತ್ತಿರುವುದು ಅಷ್ಟೇ.

ಗಿಡ ಸಾಯುವ ಮೊದಲು ಒಂದು ದಿನ ಕಿಟಕಿ ಒರೆಸುತ್ತಿದ್ದೆ. ಬೆರಳಿನ ಬೆನ್ನು ತಾಗಿತು. ಎರಡು ಎಲೆ ಬುಡಸಮೇತ ಕಳಚಿ ಬಿದ್ದವು. ನಾನು ಹಿಡಿದದ್ದಿಲ್ಲ, ಎಳೆದದ್ದಿಲ್ಲ, ತಾಗಿದ್ದಷ್ಟೆ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಅಲ್ಲೇ ನೆಲದಲ್ಲಿ ಕೂತೆ.

ಆಮೇಲೆ ನಿನ್ನ ತಟ್ಟೆಯ ನೆನಪಾಯಿತು. ಕೆಡ್ಡಸದಲ್ಲಿ ಎಸೆಯಲೂ ಮನಸ್ಸಾಗದೆ ನಾನೇ ಅದನ್ನು ಸಿಟ್ಟಿನಲ್ಲಿ ಕಪಾಟಿನ ಮೇಲೆ, ಗಾಜಿನ ಹಂಚಿನ ಬೆಳಕು ಬೀಳುವಲ್ಲಿ ಎತ್ತಿಟ್ಟಿದ್ದೆ. ನನ್ನ ನೀರು ಅಲ್ಲಿಗೆ ಮುಟ್ಟಲಿಲ್ಲ, ಅದಕ್ಕೇ ಉಳಿದವು. ಇಳಿಸಿ ನೋಡಿದರೆ ಮಣ್ಣಿಲ್ಲದ ತಟ್ಟೆಯಲ್ಲೇ ಎಲೆಗಳ ಬುಡದಿಂದ ನಸುಗೆಂಪು ಬೇರು ಇಳಿದಿದೆ. ಪಕ್ಕದಲ್ಲಿ ಕಡಲೆಕಾಳಿನಷ್ಟು ಮರಿಗಿಡಗಳು. ಅಷ್ಟು ಸಣ್ಣದರಲ್ಲೂ ಎಲೆ ಸುತ್ತಿಕೊಂಡೇ ಹುಟ್ಟಿವೆ. ಶಾಹಿದಾ ಹೇಳಿದಂತೆ ಮರಳಿಗೆ ಇಟ್ಟಿಗೆ ಹುಡಿ ಬೆರೆಸಿ, ಹೂಳದೆ ಮೇಲೆ ಮಲಗಿಸಿಟ್ಟಿದ್ದೇನೆ. ಹಳೆಯ ಎಲೆ ಸುಕ್ಕಾಗಿದೆ, ಕಿತ್ತುಬಿಡಲಾ ಎಂದು ಕೇಳಿದ್ದಕ್ಕೆ, "ಬೇಡಮ್ಮ, ಮರಿ ಈಗ ಅದರ ನೀರು ಕುಡಿಯುದು. ನೀವು ಸುಮ್ಮನೆ ಇರಿ, ಅದೇ ದೊಡ್ಡ ಉಪಕಾರ" ಎಂದಳು. ಮರಳು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು ಚಿಮುಕಿಸುತ್ತೇನೆ. ಸುಮ್ಮನಿರುವುದು ನನಗೆ ಕಷ್ಟ. ಕೈ ತಂಬಿಗೆಯತ್ತ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಬರುವ ಭಾನುವಾರ ನಿನ್ನ ಬಟ್ಟೆ, ಒಡವೆ ಕೊಂಡೊಯ್ಯಲು ಬರುತ್ತೇನೆಂದು ನಿನ್ನ ಅಪ್ಪ ದುಗ್ಗಪ್ಪ ಗೌಡರು ಹೇಳಿ ಕಳಿಸಿದ್ದಾರೆ. ಅವು ಈ ಮನೆ ದಾಟಿದರೆ ನಿಮ್ಮಿಬ್ಬರ ಸಂಸಾರ ಮುಗಿದ ಹಾಗೆ. ಬಂದರೆ ಕಾಫಿ ಕೊಡುತ್ತೇನೆ, ತಡೆಯುವುದಿಲ್ಲ. ಹೋಗು ಎಂದು ಹೇಳದೆಯೇ ನಿನ್ನನ್ನು ಹೊರಗೆ ಹಾಕಿದವಳು ನಾನು, ಬಾ ಎನ್ನಲು ನನಗೆ ಬಾಯಿಲ್ಲ. ಅಶ್ವಿತ್ ಅಂಗಡಿಗೆ ಹೋಗುತ್ತಾನೆ, ಬರುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ. ಅವನ ವಿಷಯ ಹೆಚ್ಚು ಬರೆಯುವುದಿಲ್ಲ.

ನೀನು ಸುಳ್ಳು ಹೇಳಿರಲಿಲ್ಲ. ಇದೊಂದನ್ನು ಬರೆಯಲೆಂದೇ ಕೂತದ್ದು.

ನಿನ್ನ ಅತ್ತೆ ಎಂದು ಬರೆದುಕೊಳ್ಳಲು ಇನ್ನೂ ಆಸೆಯಿರುವ
ಪಂಕಜಾಕ್ಷಿ

ತಾ. ಕ.: ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಬಾರದೆ ಬಿಟ್ಟದ್ದು. ನೀನು ಮನೆ ಬಿಟ್ಟ ವಾರವೇ ಅಶ್ವಿತ್‌ಗೆ ಫೋನ್ ಮಾಡಿದ್ದೆಯಲ್ಲ, ಅವನು ಸ್ನಾನಕ್ಕೆ ಹೋಗಿದ್ದ, ನಾನು ಎತ್ತಿದ್ದೆ. "ಒಮ್ಮೆ ಫೋನ್ ಮಾಡ್ಲಿಕ್ಕೆ ಹೇಳಿ ಅತ್ತೆ, ಅವರು ಬಾ ಅಂದ್ರೆ ನಾಳೆಯೇ ಬರ್ತೇನೆ" ಎಂದಿದ್ದೆ. ಹೇಳ್ತೇನೆ ಎಂದೆ. ಹೇಳಲಿಲ್ಲ. ಫೋನಿನಲ್ಲಿ ನಿನ್ನ ಕರೆಯನ್ನೂ ಅಳಿಸಿದೆ. ಅವನು ನಿನ್ನ ಫೋನಿಗೆ ಕಾದ, ನೀನು ಅವನ ಫೋನಿಗೆ. ಅವನ ಹಠ ನನ್ನಿಂದಲೇ ಬಂದದ್ದು. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಲಕೋಟೆ ಅಂಟಿಸದೆ ಅವನ ಕೈಗೇ ಕೊಟ್ಟು, "ಮೊದಲು ನೀನು ಓದು, ಆಮೇಲೆ ಮನಸ್ಸಿದ್ದರೆ ನೀನೇ ಕೊಂಡುಹೋಗಿ ಅವಳಿಗೆ ಕೊಡು" ಎನ್ನುತ್ತೇನೆ. ಓದಿದ ಮೇಲೆ ಅವನು ನನ್ನನ್ನು ಅಮ್ಮ ಎಂದು ಕರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಇದು ನಿನಗೆ ಮುಟ್ಟಿದ್ದರೆ ಅವನು ನಿಮ್ಮ ಅಂಗಳದಲ್ಲೇ ನಿಂತಿದ್ದಾನೆ. ಅವನನ್ನು ಒಳಗೆ ಕರೆ.