ಅಡುಗೆಮನೆಯಲ್ಲಿ ಹುರುಳಿಕಾಯಿ

ಏಪ್ರಿಲ್ 4

ಮನೆ ಕಟ್ಟಲು ಕೊಂಡ ಹೊಲಕ್ಕೆ ಮತ್ತೆ. ಬಸ್ಸಿನಲ್ಲಿ ಜಗಳದ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ಒಂದೂ ಬರಲಿಲ್ಲ. ಪಾಯ ಗುರುತು ಮಾಡಲು ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿ ಹೋಗಿದ್ದ. ಆ ದಾರಕ್ಕೆ, ಹೊಲವನ್ನು ಗುತ್ತಿಗೆಗೆ ಮಾಡುತ್ತಿರುವವಳು ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದಾಳೆ. ನಮ್ಮ ಅಡುಗೆಮನೆ ಪೂರ್ತಿ ಹಸಿರು.

"ಜೋಳ ಮುರಿದ ಮೇಲೆ ಬಿಡ್ತೀನಿ ಅಂದಿದ್ರಲ್ಲ?"

"ಜೋಳ ಮುರಿದಾಯ್ತಲ್ಲ ತಂಗಿ. ಇದು ಹುರುಳಿಕಾಯಿ."

"ಯಾವಾಗ ಹಾಕಿದ್ರಿ ಇದನ್ನ?"

"ನೀವು ರಿಜಿಸ್ಟ್ರಿಗೆ ಫೋಟೊ ತೆಗೆಸ್ಕೋತಿದ್ರಲ್ಲ, ಆಗ."

ಇವರು ಪಕ್ಕದಲ್ಲಿ ನಿಂತು ನಕ್ಕರು. ನನ್ನ ಗಂಡ, ನನ್ನ ಪಕ್ಷ... ನಗಬೇಕಾಗಿರಲಿಲ್ಲ.

ಏಪ್ರಿಲ್ 9

ವಕೀಲರ ಆಫೀಸು. ಫ್ಯಾನಿಗೆ ಹಾರದಂತೆ ಕಾಗದದ ಮೇಲೆ ಸ್ಕೂಟರ್ ಕೀ. ಹೊಲ ಮಾರಿದವರು ಅವಳಿಗೆ ಬರೆದುಕೊಟ್ಟಿದ್ದ ಗುತ್ತಿಗೆ ಪತ್ರ. ಈ ಬೆಳೆ ಮುಗಿದರೆ ಗುತ್ತಿಗೆಯೂ ಮುಗಿಯಿತು. ಆದರೆ ಮಾಲೀಕರು ಬೆಳೆಯಲ್ಲಿ ಪಾಲು ತೆಗೆದುಕೊಂಡರೆ ಇನ್ನೊಂದು ವರ್ಷ ಅವಳದ್ದೇ. ಕೊಂಡವರೂ ಅದಕ್ಕೆ ಬದ್ಧರು.

"ಒಂದು ಕಾಯಿ ಕೂಡ ಮುಟ್ಬೇಡಿ ಮೇಡಂ. ಪ್ರೀತಿಯಿಂದ ಕೊಟ್ರೂ."

"ಪ್ರೀತಿ ಎಲ್ಲಿ ಬಂತು ಸಾರ್."

ಏಪ್ರಿಲ್ 21

ಬಾಡಿಗೆ ಮನೆಯ ಯಜಮಾನರು ಮೆಟ್ಟಿಲ ಬಳಿ ತಡೆದರು. ಮಗಳು ಬರುತ್ತಾಳಂತೆ. ವರ್ಷದ ಕೊನೆಗೆ ಖಾಲಿ ಮಾಡಬೇಕು. ಈಗಲೇ ಪಾಯ ತೋಡದಿದ್ದರೆ ಅಷ್ಟರಲ್ಲಿ ಮನೆ ಎದ್ದು ನಿಲ್ಲುವುದಿಲ್ಲ. ಏನು ವಿಚಿತ್ರ — ಅವರ ಪಾಲಿಗೆ ನಾನೇ ಹುರುಳಿಕಾಯಿ.

ಮೇ 2

ಗುತ್ತಿಗೆಯವಳು ಹುರುಳಿಕಾಯಿ ಬುಟ್ಟಿ ಹಿಡಿದು ಬಾಗಿಲಿಗೇ ಬಂದಳು. ಅತ್ತೆ ಕೈ ಚಾಚಿಯೇ ಬಿಟ್ಟಿದ್ದರು.

"ಅತ್ತೇ, ಬೇಡ!"

"ವಿಷ ಅಲ್ಲ ತಂಗಿ."

"ವಿಷ ಆಗಿದ್ರೆ ತಗೋತಿದ್ದೆ."

ಹೇಳಿದ್ದು ನಾನೇ! ಬುಟ್ಟಿ ಸೊಂಟಕ್ಕಿಟ್ಟುಕೊಂಡಳು. "ಬಿಡು ಬಿಡು ಅಂತೀರಿ. ಬಿಟ್ಟು ನಾನೆಲ್ಲಿ ಬಿತ್ಲಿ? ನಿಮ್ಮ ಬಾಲ್ಕನೀಲಾ?" ಬಾಗಿಲು ಹಾಕಿದೆ.

ಮೇ 3

ಮೇಸ್ತ್ರಿ ಫೋನ್. ಅಷ್ಟರಲ್ಲಿ ಜಾಗ ಖಾಲಿಯಾಗದಿದ್ದರೆ ಸೋಮವಾರದಿಂದ ಬೇರೆ ಕೆಲಸಕ್ಕೆ ಹೋಗುತ್ತಾನೆ.

ಯಾರಿಗೂ ಹೇಳದೆ ಹೊಲಕ್ಕೆ ಹೋದೆ. ಅವಳಿರಲಿಲ್ಲ. ದಾರದ ಮೇಲಿದ್ದ ಬಳ್ಳಿಯನ್ನೆಲ್ಲ ಕಿತ್ತೆ. ಅಡುಗೆಮನೆ, ಹಜಾರ, ಅತ್ತೆಯ ಕೋಣೆ. ಬೆರಳೆಲ್ಲ ಹಸಿರು. ತಿಂಗಳುಗಳಿಂದ ಇಷ್ಟು ಹಗುರಾಗಿರಲಿಲ್ಲ. ಬಳ್ಳಿಯನ್ನು ಬದುವಿನಾಚೆ ಎಸೆದೆ. ಕಾಯಿಗಳು ಎಳೆಯವು... ಎಸೆಯಲು ಮನಸ್ಸಾಗಲಿಲ್ಲ. ಅವಳ ಕೈಯಿಂದ ತೆಗೆದುಕೊಂಡದ್ದಂತೂ ಅಲ್ಲ. ಬ್ಯಾಗಿಗೆ ತುಂಬಿಕೊಂಡೆ.

ಊಟಕ್ಕೆ ಅದೇ. ಎಲ್ಲಿಯದು ಎಂದರು ಅತ್ತೆ.

"ನಮ್ಮ ಹೊಲದ್ದು."

ಹಾಗೆ ಹೇಳಿದ್ದು ಇದೇ ಮೊದಲು. ಹೇಳಿ ಎಷ್ಟು ಹಿತವಾಯಿತೆಂದರೆ, ನಾಳೆಗೂ ಅದನ್ನೇ ಮಾಡುವೆನೆಂದೆ.

ಮೇ 5, ಬೆಳಿಗ್ಗೆ

ಬಂದಳು. ಕೂಗಾಡುತ್ತಾಳೆಂದುಕೊಂಡಿದ್ದೆ. ಇಲ್ಲ. ಮೆಟ್ಟಿಲ ಮೇಲೆ ಕುಳಿತಳು.

"ಬಳ್ಳಿ ಹೋದ್ರೆ ಹೋಗ್ಲಿ. ಕಾಯಿ ಹೇಗಿದ್ವು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅತ್ತೆ — "ಬೆಣ್ಣೆ ಕಣಮ್ಮಾ, ಬೆಣ್ಣೆ! ಎರಡು ದಿನದಿಂದ ಅದೇ ತಿಂತಿದ್ದೀವಿ."

"ಹಾಗಾದ್ರೆ ಮುಂದಿನ ವರ್ಷಾನೂ ಅದನ್ನೇ ಹಾಕ್ತೀನಿ ಅಮ್ಮಾ." ಸೆರಗು ಕೊಡವಿ ಎದ್ದಳು. ನನಗೆ — "ದಾರ ಬಿಚ್ಚಬೇಡಿ ತಂಗಿ."

ಸಂಜೆ

ವಕೀಲರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮೇಡಂ... ವಾಪಸ್ ಕೊಡೋಕೆ ಏನಾದ್ರೂ ಉಳಿದಿದ್ಯಾ? ಎಲ್ಲ ತಿಂದುಬಿಟ್ರಾ?"

ಫೋನ್ ಹಿಡಿದೇ ಅಡುಗೆಮನೆಗೆ ಹೋದೆ. ಪಾತ್ರೆ ತೊಳೆದು ಬೋರಲು ಹಾಕಿಯಾಗಿತ್ತು. ಇವರು ಈಗಷ್ಟೇ ಬಂದು ಊಟದ ಡಬ್ಬಿ ಇಟ್ಟಿದ್ದಾರೆ. ಮುಚ್ಚಳ ತೆಗೆದರೆ — ಬೆರಳಲ್ಲಿ ಒರೆಸಿ ತಿಂದಂತೆ ಖಾಲಿ.