ಗುಂಡಮ್ಮನ ಕೆನ್ನೆ

ಮಾರ್ಚ್ 9, ಸೋಮವಾರ, ಆಸ್ಪತ್ರೆ

ಮಗಳ ತೂಕ ಇವತ್ತೂ ಇಳಿಯಿತು. ನನ್ನೆದೆ ಧಸಕ್ಕೆಂದರೆ ನರ್ಸಮ್ಮ ನಗುತ್ತಾರೆ! “ಇಳೀಲಿ ಬಿಡಮ್ಮ, ಅದು ಊತದ ನೀರು. ಪೌಷ್ಟಿಕಾಂಶ ಸಾಲದ ಮಕ್ಕಳಿಗೆ ಮೈಯಲ್ಲಿ ನೀರು ತುಂಬ್ಕೊಳ್ಳುತ್ತೆ. ಅದು ಇಳಿದ ಮೇಲೇನೇ ಮೈ ಹಿಡಿಯೋದು.”

ಅಂದರೆ ಅತ್ತೆ ‘ಗುಂಡಮ್ಮ’ ಎಂದು ಹಿಂಡುತ್ತಿದ್ದ ಆ ಕೆನ್ನೆ ಬರೀ ಊತವೇ? ಮಗಳು ಮೈಕೈ ತುಂಬಿಕೊಂಡಿದ್ದಾಳೆಂದು ನಾನೂ ಬೀಗಿದ್ದೆನಲ್ಲ.

ಈಗ ಮುಖದ ತುಂಬ ಕಣ್ಣೇ. ಚಮಚದಲ್ಲಿ ಹಾಲು ಕುಡಿಸಿದರೆ ಅರ್ಧ ಕಟಬಾಯಿಯಲ್ಲಿ ಇಳಿದುಹೋಗುತ್ತದೆ. ನೀರೆಲ್ಲ ಹೋದಮೇಲೆ ನನ್ನ ಮಗಳು ಎಷ್ಟು ಉಳಿದಿರುತ್ತಾಳೆ?

ಈಗಷ್ಟೇ ಮೆಲ್ಲಗೆ ‘ಗುಂಡಮ್ಮ’ ಎಂದೆ. ಕಣ್ಣು ಬಿಟ್ಟು ನೋಡಿದಳು. ಮತ್ತೆ ಮುಚ್ಚಿದ್ದಾಳೆ. ಇನ್ನೊಂದು ಸಲ ಕರೆಯಲು ಭಯ.